ಎದುರು ಕೂತವರ ಅರ್ಥ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಸೋಮಸಮುದ್ರದಲ್ಲಿ ಲಕ್ಷ್ಮೀನಾರಾಯಣ ದೇವಾಲಯದ 1556ರ ಶಾಸನವೊಂದಿದೆ. ತಾಳಮದ್ದಲೆಯವರಿಗೆ, ಎಂದರೆ ವೇಷ ಕುಣಿತಗಳಿಲ್ಲದೆ ಕೂತು ಹಾಡು ಮಾತುಗಳಲ್ಲೇ ಯಕ್ಷಗಾನ ನಡೆಸುವವರಿಗೆ, ಭೂಮಿಯನ್ನು ದತ್ತಿ ಬಿಟ್ಟ ವಿಷಯ ಅದರಲ್ಲಿ ಬರುತ್ತದೆ. ಯಕ್ಷಗಾನದ ಚರಿತ್ರೆ ಬರೆಯುವವರು ಕಲೆಯ ಹಳಮೆಗೆ ಸಾಕ್ಷಿಯಾಗಿ ಈ ಶಾಸನವನ್ನು ತೋರಿಸುತ್ತಾರೆ. ನಾನು ಅದನ್ನು ನೆನೆಯುವುದು ಬೇರೆ ಕಾರಣಕ್ಕೆ. ಊರಿನ ಜನ ಒಂದು ಕಡೆ ಕೂತು ಹಾಡು ಕೇಳಲಿ, ಮಾತು ಕೇಳಲಿ ಎಂದು ಯಾರೋ ತಮ್ಮ ಹೊಲ ಬಿಟ್ಟುಕೊಟ್ಟರು. ಇಂದಿನ ದತ್ತಿಯೂ ಅದೇ ಸಾಲಿನದು. ಒಳ್ಳೆಯ ಮಾತಿಗೆ ಜಾಗ ಮಾಡಿಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸವಾಗಿತ್ತು. ಆ ಪುಣ್ಯವನ್ನು ನಾವು ಉಳಿಸಿಕೊಂಡಿದ್ದೇವೆಯೇ ಎಂಬುದೇ ಇಂದಿನ ವಿಷಯ.

ಯಕ್ಷಗಾನದ ಅಭಿಮಾನಿಗಳು ಮೊಬೈಲಿನ ಬಳಗಗಳಲ್ಲಿ ಪರಸ್ಪರ ಹೇಗೆ ಮಾತಾಡಿಕೊಳ್ಳುತ್ತಿದ್ದಾರೆ ಎಂಬುದನ್ನು ಮಾತಿಗೆ ಎತ್ತಿಕೊಂಡಿದ್ದೇನೆ. ದತ್ತಿ ಉಪನ್ಯಾಸಕ್ಕೆ ಇದು ತಕ್ಕ ವಿಷಯವೇ ಎಂದು ಸಂಘಟಕರಲ್ಲಿ ಒಬ್ಬರು ಕೇಳಿದರು. ತಕ್ಕದ್ದೇ. ನಮ್ಮ ಕಲೆಯ ಬಗ್ಗೆ ಇವತ್ತು ಹೆಚ್ಚು ಮಾತು ನಡೆಯುವುದು ಇಂಥ ಸಭೆಗಳಲ್ಲೂ ಅಲ್ಲ, ಪತ್ರಿಕೆಗಳಲ್ಲೂ ಅಲ್ಲ, ವಾಟ್ಸ್‌ಆ್ಯಪ್ ಬಳಗಗಳಲ್ಲಿ. ಒಂದು ಬಳಗದಲ್ಲಿ 1024 ಜನರ ತನಕ ಸೇರಬಹುದು. ಕುಂದಾಪುರದ ಅಂಗಡಿಯವರು, ಕಾಸರಗೋಡಿನ ಮೇಷ್ಟ್ರು, ಶಿರಸಿಯ ಅಡಿಕೆ ಕೃಷಿಕರು, ಮುಂಬಯಿಯ ಹೋಟೆಲಿನವರು, ದುಬೈಯಲ್ಲಿ ಕೆಲಸಕ್ಕಿರುವ ಹುಡುಗರು ಒಂದೇ ಹೊತ್ತಿಗೆ ಒಂದೇ ಪದ್ಯದ ಬಗ್ಗೆ ಮಾತಾಡಬಹುದು. ನಮ್ಮ ಹಿರಿಯರಿಗೆ ಇಂಥ ಸಭೆ ಸಿಕ್ಕಿರಲಿಲ್ಲ. ಸಿಕ್ಕಿದ ನಾವು ಅದನ್ನು ಕೆಡಿಸಿಕೊಳ್ಳುತ್ತಿದ್ದೇವೆ. ಆ ಸಂಕಟದಿಂದಲೇ ಈ ಮಾತು.

ಮೊದಲೇ ಹೇಳಿಬಿಡುತ್ತೇನೆ, ಜಗಳದ ವಿಷಯಗಳು ಕ್ಷುಲ್ಲಕವಲ್ಲ. ತೆಂಕುತಿಟ್ಟಿನ ದಿಗಿಣ ಹೆಚ್ಚೋ ಬಡಗುತಿಟ್ಟಿನ ಮಂಡಿಕುಣಿತ ಹೆಚ್ಚೋ ಎಂಬ ಹಠ ಹಳೆಯದು, ಅದನ್ನು ಬಿಡೋಣ. ಇಡೀ ರಾತ್ರಿಯ ಆಟವೋ ಕೆಲವೇ ಗಂಟೆಯ ಕಾಲಮಿತಿಯೋ, ಹೊಸ ಕಥೆಯ ಪ್ರಸಂಗಕ್ಕೆ ಎಷ್ಟು ಜಾಗ ಕೊಡಬೇಕು, ಭಾಗವತಿಕೆಯಲ್ಲಿ ಲಘು ಸಂಗೀತದ ದಾಟಿ ಬರಬಹುದೋ ಬಾರದೋ, ಇವೆಲ್ಲ ಕಲೆಯ ಜೀವಕ್ಕೆ ತಾಗುವ ಪ್ರಶ್ನೆಗಳು. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ಕಡಿಮೆ ಮಾಡಿ ಪಿಟೀಲು, ಸ್ಯಾಕ್ಸೋಫೋನ್ ತಂದಾಗ ಅದನ್ನು ಒಪ್ಪದವರು ಇದ್ದರು, ಈಗಲೂ ಇದ್ದಾರೆ. ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಚಿಕ್ಕ ಪ್ರಾಯ. ಅವರು ಹಾಡುತ್ತಿದ್ದಾಗ ಆ ಶೈಲಿಯನ್ನು ಅನುಮಾನದಿಂದ ನೋಡಿದವರಿದ್ದರು. ಇವತ್ತು ಹೊಸ ಭಾಗವತರನ್ನು ಬಯ್ಯುವವರೇ ನಾವಡರನ್ನು ಪರಂಪರೆಯ ಅಳತೆಗೋಲಾಗಿ ಹಿಡಿಯುತ್ತಾರೆ. ಪರಂಪರೆ ಎಂಬುದು ಹೀಗೆ ವಾದದ ನಡುವೆಯೇ ಬೆಳೆದು ಬಂದದ್ದು. ಆದ್ದರಿಂದ ಬಳಗಗಳಲ್ಲಿ ವಾದವೇ ಬೇಡ ಎನ್ನುವವನು ನಾನಲ್ಲ.

ವಾದ ಕೆಡುವುದು ಎಲ್ಲಿ ಎಂಬುದನ್ನು ಹತ್ತಿರದಿಂದ ನೋಡೋಣ. ರಾತ್ರಿ ಹನ್ನೊಂದರ ಮೇಲೆ ಒಬ್ಬರು ನಲವತ್ತು ಸೆಕೆಂಡಿನ ಒಂದು ಕ್ಲಿಪ್ ಹಾಕುತ್ತಾರೆ. ಭಾಗವತರು ಒಂದು ಪದ್ಯವನ್ನು ಎಳೆದು ಎಳೆದು ಆಲಾಪ ಮಾಡುತ್ತಿದ್ದಾರೆ, ವೇಷಧಾರಿ ಸುಮ್ಮನೆ ನಿಂತಿದ್ದಾನೆ. ಕ್ಲಿಪ್ಪಿನ ಕೆಳಗೆ ಒಂದೇ ಸಾಲು: ‘ಇದು ಯಕ್ಷಗಾನವಾ?’ ಮೊದಲನೆಯ ಉತ್ತರ, ‘ಯಾವ ಪ್ರಸಂಗ ಮಾರಾಯ್ರೆ? ಯಾವ ಸಂದರ್ಭ?’ ಎರಡನೆಯವರು ಪ್ರಸಂಗ ಪುಸ್ತಕ ತೆಗೆದು ನೋಡಿ, ಪದ್ಯದ ತಲೆಯ ಮೇಲೆ ಭೈರವಿ ರಾಗ, ಝಂಪೆ ತಾಳ ಎಂದು ಅಚ್ಚಾಗಿದೆ, ಇಲ್ಲಿ ಹಾಡಿದ್ದು ಬೇರೆ ಎನ್ನುತ್ತಾರೆ. ಮೂರನೆಯವರು, ಅಚ್ಚಿನ ರಾಗಕ್ಕೆ ಕಟ್ಟುಬಿದ್ದು ಹಾಡಿದವರು ಹಿಂದಿನವರಲ್ಲೂ ಕಡಿಮೆ, ಸಂದರ್ಭಕ್ಕೆ ತಕ್ಕಂತೆ ರಾಗ ಬದಲಿಸುವುದು ಭಾಗವತರ ಹಕ್ಕು, ತಾಳ ಬದಲಾದರೆ ಮಾತ್ರ ಕುಣಿತಕ್ಕೆ ತೊಂದರೆ ಎಂದು ಬರೆಯುತ್ತಾರೆ. ಎಷ್ಟು ಒಳ್ಳೆಯ ಮಾತು! ಹೊಸದಾಗಿ ಆಟ ನೋಡಲು ಶುರು ಮಾಡಿದ ಹುಡುಗನಿಗೆ ಈ ಮೂರು ಉತ್ತರ ಓದಿದರೆ ಸಾಕು, ಅಂದಿನ ಪಾಠವಾಯಿತು.

ನಾಲ್ಕನೆಯ ಉತ್ತರ: ‘ನಿಮ್ಮ ಕಡೆಯವರಿಗೆ ರಾಗ ಅಂದ್ರೆ ಏನಂತ ಗೊತ್ತುಂಟಾ?’

ಅಲ್ಲಿಂದ ಮುಂದಿನದು ನಿಮಗೂ ಗೊತ್ತು. ಊರು ಬರುತ್ತದೆ, ಗುರು ಬರುತ್ತಾರೆ, ಜಾತಿ ಬರುತ್ತದೆ, ಯಾರು ಯಾವ ಮೇಳದ ಯಜಮಾನರ ಕಡೆಯವರು ಎಂಬ ಲೆಕ್ಕ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನೂರಾರು ಸಂದೇಶ, ಪದ್ಯದ ನೆನಪು ಒಂದರಲ್ಲೂ ಇಲ್ಲ. ಪ್ರಸಂಗ ಪುಸ್ತಕ ತೆಗೆದು ನೋಡಿದ ಆ ಎರಡನೆಯವರು ಬಳಗ ಬಿಟ್ಟು ಹೋಗಿರುತ್ತಾರೆ. ಇಂಥವರು ಹೋಗುವುದೇ ದೊಡ್ಡ ನಷ್ಟ. ಬಯ್ದವರು ಹೇಗೂ ಉಳಿಯುತ್ತಾರೆ. ಹೋಗುವವರು ಪುಸ್ತಕ ನೋಡುವವರು.

ಮಾತು ಪದ್ಯವನ್ನು ಬಿಟ್ಟು ಮನುಷ್ಯನ ಮೇಲೆ ಹೋದ ಗಳಿಗೆಯಲ್ಲೇ ಅದು ಕೆಟ್ಟಿತು. ಇದನ್ನು ತಾಳಮದ್ದಲೆಯಲ್ಲಿ ಪಾತ್ರದ ಮಾತು ಆಡುವ ನಮ್ಮ ಅರ್ಥಧಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನ ಯಾವ ನಿಯಮಪಟ್ಟಿಯನ್ನೂ ನಾವು ತರಬೇಕಾಗಿಲ್ಲ, ಮಳೆಗಾಲ ಪೂರ್ತಿ ನಾವು ಕೂತು ಕೇಳುವ ತಾಳಮದ್ದಲೆಯಲ್ಲೇ ಎಲ್ಲವೂ ಇದೆ.

ವಾಲಿಯ ಪ್ರಸಂಗವನ್ನೇ ನೋಡಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುತ್ತಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ, ಅದಕ್ಕೆ ಶಿಕ್ಷೆ ಎನ್ನುತ್ತಾನೆ ರಾಮ. ನೀನು ಕಪಿ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ತಪ್ಪಲ್ಲ ಎಂದೂ ಸೇರಿಸುತ್ತಾನೆ. ಸಮರ್ಥ ಅರ್ಥಧಾರಿಯಾದ ವಾಲಿ ಇಲ್ಲಿ ಹಿಡಿಯುತ್ತಾನೆ: ನಾನು ಮೃಗವಾದರೆ ಮನುಷ್ಯರ ವಿವಾಹಧರ್ಮ ನನಗೆ ಅನ್ವಯಿಸುವುದು ಹೇಗೆ? ಅನ್ವಯಿಸುವುದಾದರೆ ನನ್ನನ್ನು ಮೃಗದಂತೆ ಹೊಡೆದದ್ದು ಹೇಗೆ? ಎರಡರಲ್ಲಿ ಒಂದನ್ನು ಬಿಡು. ಸಭೆ ಇಲ್ಲಿ ಉಸಿರು ಬಿಗಿ ಹಿಡಿಯುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಈ ಸಭೆಯಲ್ಲೂ ಇರಬಹುದು. 2006ರಲ್ಲಿ ಶೇಣಿಯವರು ತೀರಿಕೊಂಡರೂ ಅವರ ವಾಲಿ, ಅವರ ರಾವಣ ಇಂದಿಗೂ ಧ್ವನಿಮುದ್ರಿಕೆಗಳಲ್ಲಿ ಎದುರಿನವರನ್ನು ಪ್ರಶ್ನಿಸುತ್ತಲೇ ಇದ್ದಾರೆ.

ಇಷ್ಟು ಕಟುವಾದ ವಾದದಲ್ಲಿ ವಾಲಿ ರಾಮನ ಕುಲವನ್ನು ಎತ್ತುತ್ತಾನೆ, ಸೂರ್ಯವಂಶಕ್ಕೆ ಇದು ತಕ್ಕದ್ದೇ ಎನ್ನುತ್ತಾನೆ, ಏಕವಚನದಲ್ಲಿ ಮಾತಾಡುತ್ತಾನೆ. ರಾಮನ ಅರ್ಥ ಹೇಳುವವರ ಕುಲವನ್ನು ಎತ್ತುವುದಿಲ್ಲ. ಮಂಗಳ ಹಾಡಿದ ಮೇಲೆ ಇಬ್ಬರೂ ‘ಶಾಸ್ತ್ರಿಗಳೇ, ಭಟ್ರೇ’ ಎನ್ನುತ್ತ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಪಾತ್ರ ಬಿಟ್ಟು ವ್ಯಕ್ತಿಗೆ ಚುಚ್ಚಿದ ಅರ್ಥಧಾರಿಗಳೂ ಇಲ್ಲದಿಲ್ಲ. ಅಂಥ ರಾತ್ರಿಗಳ ಬಗ್ಗೆ ಊರಿನ ಜನ ವರ್ಷಗಟ್ಟಲೆ ಬೇಸರದಿಂದಲೇ ಮಾತಾಡುತ್ತಾರೆ. ಆ ಬೇಸರವೇ ನಮ್ಮ ಕಟ್ಟಳೆ. ಬರೆದಿಟ್ಟ ಕಾನೂನಿಗಿಂತ ಅದಕ್ಕೆ ಬಲ ಹೆಚ್ಚು. ಮೊಬೈಲಿನ ಬಳಗದಲ್ಲಿ ನಾವು ಕಳೆದುಕೊಂಡಿರುವುದು ಆ ಬೇಸರವನ್ನು. ಚುಚ್ಚು ಮಾತಿಗೆ ಅಲ್ಲಿ ನಗುವಿನ ಗುರುತು ಬೀಳುತ್ತದೆ, ಬರೆದವನಿಗೆ ಅದು ಚಪ್ಪಾಳೆಯಾಗಿ ಕೇಳಿಸುತ್ತದೆ.

ವಾಲಿ ಮಾತಿನಲ್ಲಿ ಎಷ್ಟೇ ಮೇಲಾದರೂ ಕಥೆಯಲ್ಲಿ ರಾಮನಿಗೆ ಕೈಮುಗಿಯಲೇಬೇಕು. ಪ್ರಸಂಗದಲ್ಲಿ ಪದ್ಯ ಹಾಗಿದೆ. ಹಾಗಾಗಿ ತನ್ನ ವಾದವನ್ನು ತಾನೇ ಕಟ್ಟಿದ ಅರ್ಥಧಾರಿ ಅದನ್ನು ಬಿಟ್ಟುಕೊಡುವುದಕ್ಕೂ ತಾನೇ ಒಂದು ಒಳ್ಳೆಯ ಕಾರಣ ಹುಡುಕಬೇಕು. ಇದು ಸುಲಭದ ಕೆಲಸವಲ್ಲ. ‘ಸರಿ, ನೀನು ಹೇಳಿದ್ದು ನನಗೆ ಈಗ ಕಂಡಿತು’ ಎಂದು ಕಳೆಗುಂದದೆ ಹೇಳಲು ಬರುವವನೇ ದೊಡ್ಡ ಅರ್ಥಧಾರಿ. ನಮ್ಮ ಬಳಗಗಳಲ್ಲಿ ಬಹಳ ತಿಳಿದವರಿದ್ದಾರೆ, ಚೆನ್ನಾಗಿ ವಾದಿಸುವವರಿದ್ದಾರೆ. ‘ನೀವು ಹೇಳಿದ್ದು ಸರಿ’ ಎಂಬ ಮೂರು ಪದದ ಮಾತು ಮಾತ್ರ ಅಪರೂಪ.

ಇನ್ನು ಭಾಗವತರ ಮಾತು. ಅರ್ಥಧಾರಿಗಳಿಬ್ಬರ ವಾದ ಒಂದೇ ಕಡೆ ಸುತ್ತತೊಡಗಿದಾಗ ಭಾಗವತರು ಯಾರನ್ನೂ ಗದರುವುದಿಲ್ಲ, ಎದ್ದು ಹೋಗಿ ಎನ್ನುವುದಿಲ್ಲ. ಜಾಗಟೆ ಎತ್ತಿ ಮುಂದಿನ ಪದ್ಯ ಶುರು ಮಾಡುತ್ತಾರೆ. ಮದ್ದಲೆ ಕೂಡಿಕೊಳ್ಳುತ್ತದೆ. ಮಾತು ತಾನಾಗಿ ನಿಲ್ಲುತ್ತದೆ, ಯಾರ ಮರ್ಯಾದೆಯೂ ಹೋಗುವುದಿಲ್ಲ, ಕಥೆ ಮುಂದೆ ಹೋಗುತ್ತದೆ. ಭಾಗವತರಿಗೆ ಈ ಅಧಿಕಾರ ಇರುವುದು ಅವರಿಗೆ ಇಡೀ ಪ್ರಸಂಗ ಗೊತ್ತಿರುವುದರಿಂದ, ಇಬ್ಬರಲ್ಲಿ ಯಾರ ಪಕ್ಷವನ್ನೂ ವಹಿಸದಿರುವುದರಿಂದ. ಬಳಗದ ಅಡ್ಮಿನ್ ಆದವರು ಈ ಸ್ಥಾನದಲ್ಲಿ ಕೂತವರು. ಆದರೆ ಅವರಲ್ಲಿ ಹಲವರ ಕೈಗೆ ಬರುವುದು ಎರಡೇ ಉಪಾಯ: ಒಂದೋ ಜಗಳಗಂಟರನ್ನು ತೆಗೆದುಹಾಕುವುದು, ಇಲ್ಲವೇ ಅಡ್ಮಿನ್ ಮಾತ್ರ ಬರೆಯಬಹುದು ಎಂದು ಬಾಗಿಲು ಹಾಕುವುದು. ಎರಡೂ ಕಡೆಯ ಹಠಕ್ಕೆ ಇದು ಮದ್ದಲ್ಲ. ಹೊರಗೆ ಹಾಕಿಸಿಕೊಂಡವನು ಇನ್ನೊಂದು ಬಳಗ ಕಟ್ಟುತ್ತಾನೆ, ಅಲ್ಲಿ ಅವನ ಮಾತಿಗೆ ಎದುರಾಡುವವರೇ ಇರುವುದಿಲ್ಲ. ವಾದ ಬಿಸಿಯಾಗುವ ಮೊದಲೇ ‘ಆ ಪದ್ಯವನ್ನು ಇನ್ನು ಯಾರು ಯಾರು ಹೇಗೆ ಹಾಡಿದ್ದಾರೆ, ಧ್ವನಿಮುದ್ರಿಕೆ ಇದ್ದವರು ಹಾಕಿ’ ಎಂದು ಒಬ್ಬ ಅಡ್ಮಿನ್ ಕೇಳಿದ್ದನ್ನು ನಾನು ನೋಡಿದ್ದೇನೆ. ಅರ್ಧ ಗಂಟೆಯಲ್ಲಿ ಬಳಗದ ತುಂಬ ಹಾಡು. ಆ ಅಡ್ಮಿನ್ ವೃತ್ತಿಯಿಂದ ಬಸ್ ಕಂಡಕ್ಟರ್. ಭಾಗವತಿಕೆಯ ಕೆಲಸ ಅವರಿಗೆ ಸಹಜವಾಗಿ ಗೊತ್ತಿತ್ತು.

ನಾವು ಬರೆದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನೂ ಹೇಳಬೇಕು. ತಾಳಮದ್ದಲೆಯಲ್ಲಿ ಆಡಿದ ಮಾತು ಹೆಚ್ಚಾಗಿ ಆ ಚಾವಡಿಯಲ್ಲೇ ಕರಗುತ್ತಿತ್ತು. ಇಲ್ಲಿ ಒಂದು ಸ್ಕ್ರೀನ್‌ಶಾಟ್ ಹತ್ತು ಬಳಗ ದಾಟುತ್ತದೆ. ಒಂದು ಸಂಜೆ ಚೌಕಿಯಲ್ಲಿ ಸ್ತ್ರೀವೇಷದ ಯುವಕನೊಬ್ಬ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ. ಒಂದು ಕಣ್ಣಿಗೆ ಕಾಡಿಗೆ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. ಮಡಿಲಲ್ಲಿ ಮೊಬೈಲ್. ಹಿಂದಿನ ರಾತ್ರಿಯ ಅವನ ಕುಣಿತದ ಕ್ಲಿಪ್ಪಿನ ಕೆಳಗೆ ಯಾರೋ ಬರೆದದ್ದನ್ನು ಓದುತ್ತಿದ್ದ. ಕುಣಿತದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ, ಇದ್ದದ್ದೆಲ್ಲ ಅವನ ನಡಿಗೆ, ಅವನ ಶರೀರ, ಅವನ ಮದುವೆಯ ಕುರಿತು. ‘ಲಾಗ ತಪ್ಪಿದ್ದು ಹೌದು ಅಣ್ಣ, ಅದನ್ನು ಹೇಳಿದ್ರೆ ತಿದ್ದಿಕೊಳ್ತಿದ್ದೆ. ಇದನ್ನು ಏನಂತ ತಿದ್ದಿಕೊಳ್ಳೋದು?’ ಎಂದ. ಮೊಬೈಲ್ ಮಗುಚಿಟ್ಟು ಇನ್ನೊಂದು ಕಣ್ಣಿಗೆ ಕಾಡಿಗೆ ಹಚ್ಚಿಕೊಂಡ. ದೀಪಾವಳಿಯ ಆಸುಪಾಸಿನಿಂದ ಮಳೆಗಾಲಕ್ಕೆ ಮೊದಲಿನ ಪತ್ತನಾಜೆಯ ತನಕ ತಿರುಗಾಟದಲ್ಲಿರುವವರು ಇವರು. ದಿನಕ್ಕೊಂದು ಊರು, ಹಗಲು ನಿದ್ದೆ. ನಾವು ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಬರೆದ ಮಾತು ಮರುದಿನ ಚೌಕಿಗೆ ಬರುತ್ತದೆ, ವೇಷ ಕಟ್ಟುವ ಹೊತ್ತಿಗೆ ಸರಿಯಾಗಿ.

ಇದನ್ನು ಕೇಳಿ, ಹಾಗಾದರೆ ಹೊಗಳಿಕೆ ಮಾತ್ರ ಇರಲಿ ಎಂದು ಯಾರೂ ತೀರ್ಮಾನಿಸಬಾರದು. ‘ಈ ಬಳಗದಲ್ಲಿ ಟೀಕೆಗೆ ಅವಕಾಶವಿಲ್ಲ’ ಎಂದು ಬರೆದುಕೊಂಡ ಬಳಗಗಳು ಬೇಕಾದಷ್ಟಿವೆ. ಅಲ್ಲಿ ಮೂರು ಹೊತ್ತೂ ‘ಅದ್ಭುತ’, ‘ಅಮೋಘ’, ಹೂವಿನ ಗುರುತು, ಕೈಮುಗಿದ ಗುರುತು. ನನಗೆ ಕೇಳಿದರೆ ಜಗಳವಾಡುವ ಬಳಗವಾದರೂ ವಾಸಿ, ಇದು ಬೇಡ. ಆ ಯುವಕ ಹೇಳಿದ್ದೇನು? ಲಾಗ ತಪ್ಪಿದ್ದನ್ನು ಹೇಳಬೇಕಿತ್ತು ಎಂದ. ತಪ್ಪು ಕಂಡೂ ಹೇಳದವನು ಕಲಾವಿದನನ್ನು ಗೌರವಿಸಿದಂತೆ ಆಗುವುದಿಲ್ಲ, ಅವನಿಗೆ ಕಲಿಯುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದು ತೀರ್ಮಾನಿಸಿದಂತೆ ಆಗುತ್ತದೆ. ಯಾವ ಊರಿನ ಆಟ, ಯಾವ ಪದ್ಯ, ಎಲ್ಲಿ ತಪ್ಪಿತು, ಹೇಗಿದ್ದರೆ ಸರಿ, ಇಷ್ಟನ್ನು ಹೇಳಿ ಹೆಸರು ಹಾಕಿ ಬರೆದರೆ ಎಂಥ ಕಠಿಣ ಟೀಕೆಯನ್ನೂ ಕಲಾವಿದ ತಡೆದುಕೊಳ್ಳುತ್ತಾನೆ. ಪೂರ್ತಿ ರಾತ್ರಿಯ ಆಟದಿಂದ ನಲವತ್ತು ಸೆಕೆಂಡು ಕತ್ತರಿಸಿ, ಮೇಲೆ ಪ್ರಸಂಗದ ಹೆಸರೂ ಇಲ್ಲದೆ ಹಾಕಿದ ಕ್ಲಿಪ್ಪಿಗೆ ಉತ್ತರ ಕೊಡುವುದೇ ಇಲ್ಲ ಎಂದು ಒಂದು ಬಳಗದವರೆಲ್ಲ ಸೇರಿ ನಿಶ್ಚಯಿಸಿದರೂ ಅರ್ಧ ಗಲಾಟೆ ನಿಲ್ಲುತ್ತದೆ.

ಹೀಗೆ ಆಧಾರ ಹಿಡಿದು ವಾದಿಸುವ ಅಭ್ಯಾಸ ನಮ್ಮ ವಿದ್ವಾಂಸರಲ್ಲಿ ಇತ್ತು. ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದವರು ಯಾರು ಎಂಬ ಚರ್ಚೆಯನ್ನೇ ನೋಡಿ. ಕುಂಬಳೆಯ ಪಾರ್ತಿಸುಬ್ಬ ಎಂದು ಮುಳಿಯ ತಿಮ್ಮಪ್ಪಯ್ಯನವರು ಬರೆದರು. ‘ಯಕ್ಷಗಾನ ಬಯಲಾಟ’ ಬರೆದ ಕಾರಂತರು ಅದನ್ನು ಒಪ್ಪದೆ ಬ್ರಹ್ಮಾವರದ ಕಡೆಗೆ, ಅಜಪುರದ ಸುಬ್ಬನ ಕಡೆಗೆ ಬೆರಳು ತೋರಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪ್ರಸಂಗಗಳನ್ನು ಸಂಪಾದಿಸಿ ಕುಂಬಳೆಯ ಪಕ್ಷವನ್ನು ಎತ್ತಿ ಹಿಡಿದರು. ತೆಂಕು ಬಡಗು ಎರಡರ ಅಭಿಮಾನಕ್ಕೂ ತಾಗುವ ವಿಷಯ. ಆದರೂ ವಾದ ನಿಂತದ್ದು ಹಸ್ತಪ್ರತಿಗಳ ಮೇಲೆ, ಸ್ತುತಿಪದ್ಯದಲ್ಲಿ ಯಾವ ಊರಿನ ದೇವರ ಹೆಸರು ಬಂದಿದೆ ಎಂಬುದರ ಮೇಲೆ. ಆ ಚರ್ಚೆಯಿಂದ ನಮಗೆ ಸಿಕ್ಕಿದ್ದು ಪುಸ್ತಕಗಳು. ಯಾರ ಪಕ್ಷದವರಾದರೂ ಇವತ್ತು ಕಪಾಟಿನಿಂದ ಎರಡೂ ಕಡೆಯದನ್ನು ತೆಗೆದು ಓದಬಹುದು.

ಅಭಿಮಾನಿಗಳ ಜಗಳದ ಬಗ್ಗೆಯೇ ನಮ್ಮಲ್ಲಿ ಒಂದು ಪ್ರಸಂಗವಿದೆ, ‘ಶರಸೇತು ಬಂಧನ’. ರಾಮನು ಕಪಿಗಳ ಕೈಯಲ್ಲಿ ಕಲ್ಲು ಹೊರಿಸಿದ್ದೇಕೆ, ಬಾಣಗಳಲ್ಲೇ ಸೇತುವೆ ಕಟ್ಟಬಹುದಿತ್ತಲ್ಲ ಎನ್ನುತ್ತಾನೆ ಅರ್ಜುನ. ಹನುಮಂತನಿಗೆ ತಡೆಯುವುದಿಲ್ಲ. ಕಟ್ಟಿ ನೋಡು, ನನ್ನ ಭಾರ ತಾಳುತ್ತದೋ ನೋಡುತ್ತೇನೆ ಎನ್ನುತ್ತಾನೆ. ಪಂಥವಾಗುತ್ತದೆ, ಸೇತುವೆ ಮುರಿಯುತ್ತದೆ, ಸೋತ ಅರ್ಜುನ ಬೆಂಕಿಗೆ ಬೀಳಲು ಹೊರಡುತ್ತಾನೆ. ಆಗ ಮುದುಕ ಬ್ರಾಹ್ಮಣನ ರೂಪದಲ್ಲಿ ಬಂದ ಕೃಷ್ಣ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಪಂಥಕ್ಕೆ ಸಾಕ್ಷಿ ಯಾರು? ಸಾಕ್ಷಿಯಿಲ್ಲದ ಪಂಥ ಪಂಥವೇ ಅಲ್ಲ, ನನ್ನೆದುರು ಇನ್ನೊಮ್ಮೆ ಆಗಲಿ. ಎರಡನೆಯ ಸಲ ಸೇತುವೆ ಮುರಿಯುವುದಿಲ್ಲ, ಅಡಿಯಲ್ಲಿ ಕೃಷ್ಣನೇ ಆತುಕೊಂಡಿರುತ್ತಾನೆ. ಇಬ್ಬರೂ ಉಳಿಯುತ್ತಾರೆ. ರಾತ್ರಿ ಒಂದು ಗಂಟೆಗೆ ಇಬ್ಬರು ಹಠಕ್ಕೆ ಬಿದ್ದಾಗ ‘ಸಾಕ್ಷಿ ಯಾರು? ನೀವಿಬ್ಬರೂ ಆ ಆಟ ನೋಡಿದ್ದೀರಾ?’ ಎಂದು ಕೇಳುವ ಒಬ್ಬ ಮುದುಕ ಬ್ರಾಹ್ಮಣ ಪ್ರತಿ ಬಳಗಕ್ಕೂ ಬೇಕು. ಉಳಿದ ಸಾವಿರ ಜನ ಸುಮ್ಮನೆ ನೋಡುತ್ತ ಕೂತಿದ್ದರೆ ಆ ಕೆಲಸ ಮಾಡುವವರು ಯಾರು?

ಕೊನೆಯದಾಗಿ ಒಂದು ಕೋರಿಕೆ. ಅರ್ಥಧಾರಿಗಳು ಒಂದೇ ಪಕ್ಷಕ್ಕೆ ಅಂಟಿಕೊಂಡವರಲ್ಲ. ಇವತ್ತು ಒಂದೂರಿನಲ್ಲಿ ಕೃಷ್ಣ, ನಾಳೆ ಇನ್ನೊಂದೂರಿನಲ್ಲಿ ಕೌರವ. ಸಂಘಟಕರು ಯಾವ ಪಾತ್ರ ಕೊಟ್ಟರೂ ಅದರ ನ್ಯಾಯವನ್ನು ಹುಡುಕಿ ಹೇಳಬೇಕು. ನಿನ್ನೆ ತಾನೇ ಕೃಷ್ಣನಾಗಿ ಹೇಳಿದ್ದನ್ನು ಇವತ್ತು ಕೌರವನಾಗಿ ಮುರಿಯಬೇಕು. ಹೀಗೆ ಎರಡೂ ಕಡೆ ಕೂತು ಬಂದವನಿಗೆ ಎದುರಿನವನು ಮೂರ್ಖನಾಗಿಯೋ ದ್ರೋಹಿಯಾಗಿಯೋ ಕಾಣಲಾರ. ಈ ಸಭೆಯಲ್ಲಿ ಹಲವು ಬಳಗಗಳ ಅಡ್ಮಿನ್‌ಗಳಿದ್ದೀರಿ. ಈ ಮಳೆಗಾಲ ನಿಮ್ಮ ಬಳಗಗಳಲ್ಲಿ ಇದನ್ನು ನಡೆಸಿ ನೋಡಿ. ಇಡೀ ರಾತ್ರಿಯ ಆಟವೇ ಬೇಕೆನ್ನುವವರು ಕಾಲಮಿತಿಯ ಪಕ್ಷದಿಂದ ಬರೆಯಲಿ, ಕಾಲಮಿತಿಯವರು ಇಡೀ ರಾತ್ರಿಯ ಪಕ್ಷದಿಂದ ಬರೆಯಲಿ. ವ್ಯಂಗ್ಯ ಬೇಡ, ಮನಸ್ಸಿಟ್ಟು ಬರೆಯಬೇಕು.

ಹೇಳಿದವನೇ ಮೊದಲು ಮಾಡಬೇಕು. ನಾನು ಇಡೀ ರಾತ್ರಿಯ ಪಕ್ಷದವನು, ಇದು ನಿಮಗೆಲ್ಲ ಗೊತ್ತು. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಮೆಟ್ಟಿಲು ಹತ್ತಿ ಹುಡುಗರು ಕಲಾವಿದರಾಗುತ್ತಾರೆ, ಕಾಲಮಿತಿ ಬಂದರೆ ಆ ಮೆಟ್ಟಿಲೇ ಹೋಗುತ್ತದೆ ಎಂದು ಬರೆಯುತ್ತಾ ಬಂದವನು. ಈಗ ಎದುರಿನ ಅರ್ಥ ಹೇಳುತ್ತೇನೆ.

ಬೆಳಗಿನ ತನಕ ಆಟ ಆಡುತ್ತಿದ್ದ ಕಾಲದಲ್ಲಿ ನೋಡುವವರು ನಡುರಾತ್ರಿ ಮನೆಗೆ ಹೋಗುವಂತಿರಲಿಲ್ಲ. ಸೂಡಿ ಹಿಡಿದು ಗದ್ದೆಯ ಅಂಚಿನಲ್ಲಿ, ಹೊಳೆ ದಾಟಿ, ಗುಡ್ಡ ಹತ್ತಿ ಬಂದವರು ಬೆಳಕು ಹರಿಯುವ ತನಕ ಕೂರಲೇಬೇಕಿತ್ತು. ಇವತ್ತು ಬೈಕಿದೆ, ರಿಕ್ಷಾ ಇದೆ, ಬೆಳಿಗ್ಗೆ ಎಂಟಕ್ಕೆ ಕೆಲಸವೂ ಇದೆ. ರಾತ್ರಿ ಎರಡರ ಮೇಲೆ ರಂಗಸ್ಥಳದ ಎದುರಿನ ಕುರ್ಚಿಗಳನ್ನು ನೋಡಿ, ಬಣ್ಣದ ವೇಷ ಬರುವ ಹೊತ್ತಿಗೆ ಮುಕ್ಕಾಲು ಪಾಲು ಖಾಲಿ. ಖಾಲಿ ಕುರ್ಚಿಗಳ ಎದುರು ಅಬ್ಬರ ಕೊಡುವ ಹಿರಿಯ ಕಲಾವಿದನ ಸಂಕಟವನ್ನು ಪರಂಪರೆ ಎಂದು ಕರೆಯಬೇಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದ ಇದೆ. ಆಟ ನಡೆಯುವ ಬಯಲಿನ ಪಕ್ಕದ ಮನೆಯಲ್ಲಿ ಕಾಯಿಲೆಯ ಅಜ್ಜಿಯೂ ಪರೀಕ್ಷೆಗೆ ಓದುವ ಮಗುವೂ ಇರುತ್ತಾರೆ. ಅವರೂ ಊರಿನವರೇ. ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುವ ಆಟಕ್ಕೆ ಕೂಸು ಎತ್ತಿಕೊಂಡ ತಾಯಂದಿರು ಬರುತ್ತಾರೆ, ಶಾಲೆಯ ಮಕ್ಕಳು ಬರುತ್ತಾರೆ. ಮುಂದಿನ ಪ್ರೇಕ್ಷಕರು ಅವರೇ ಅಲ್ಲವೇ? ಆರು ತಿಂಗಳು ರಾತ್ರಿ ನಿದ್ದೆಯಿಲ್ಲದ ಕಲಾವಿದನ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೂರ್ವರಂಗದ ಮೆಟ್ಟಿಲು ಹೋಯಿತು ಎನ್ನುತ್ತೀರಿ. ಇವತ್ತು ಶಾಲೆಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ ಗುರುಗಳ ಎದುರು ಹೆಜ್ಜೆ ಕಲಿಯುವ ಹುಡುಗ ಹುಡುಗಿಯರ ಸಂಖ್ಯೆ ನೋಡಿ. ಮೇಳದ ಮೆಟ್ಟಿಲಲ್ಲಿ ಹುಡುಗಿಯರಿಗೆ ಜಾಗವೇ ಇರಲಿಲ್ಲವಲ್ಲ? ಮೂರು ಗಂಟೆಯಲ್ಲಿ ಪ್ರಸಂಗದ ಸತ್ವವನ್ನು ಹಿಡಿಯಲು ಭಾಗವತರಿಗೆ ಹೆಚ್ಚಿನ ಎಚ್ಚರ ಬೇಕು, ವೇಷಧಾರಿಗೆ ಹೆಚ್ಚಿನ ಬಿಗಿ ಬೇಕು. ಆ ಬಿಗಿಯಿಂದ ಕಲೆಗೆ ನಷ್ಟವೇ ಆಯಿತು ಎಂದು ಹೇಗೆ ಹೇಳುತ್ತೀರಿ?

ಇದು ಕಾಲಮಿತಿಯ ಅರ್ಥ. ನನ್ನಿಂದ ಆದಷ್ಟು ಬಲವಾಗಿ ಹೇಳಿದ್ದೇನೆ. ಹೇಳುತ್ತ ಹೇಳುತ್ತ, ಹುಡುಗಿಯರ ಆ ಒಂದು ಮಾತಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ ಎಂಬುದು ಗಮನಕ್ಕೆ ಬಂತು. ಮುಂದಿನ ಸಾಲಿನಲ್ಲಿ ಕಾಲಮಿತಿಯ ಪರವಾಗಿ ವರ್ಷಗಟ್ಟಲೆ ನನ್ನೊಡನೆ ವಾದಿಸಿದ ಇಬ್ಬರು ಕೂತಿದ್ದೀರಿ. ಇಡೀ ರಾತ್ರಿಯ ಅರ್ಥ ಈಗ ನೀವು ಹೇಳಬೇಕು. ಅಧ್ಯಕ್ಷರು ಹದಿನೈದು ನಿಮಿಷ ಕೊಟ್ಟಿದ್ದಾರೆ, ಮೈಕು ಇಲ್ಲಿದೆ.